ಕ್ಯಾಲಿಪರ್ ಹೇಳುವುದನ್ನು ಎಷ್ಟು ನಂಬಬೇಕು?



ಪೀಣ್ಯದ ಸಣ್ಣ ವರ್ಕ್‌ಶಾಪೊಂದಕ್ಕೆ ಇನ್ನೂರು ಷಾಫ್ಟುಗಳ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳಿ. ವ್ಯಾಸ 25 ಮಿ.ಮೀ. ಡ್ರಾಯಿಂಗ್ ಪ್ರಕಾರ ಅದು 0.013 ಮಿ.ಮೀ.ವರೆಗೆ ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. ಟರ್ನರ್ ಡಿಜಿಟಲ್ ಕ್ಯಾಲಿಪರ್ ಹಿಡಿದು ನೋಡುತ್ತಾನೆ, 24.99 ಎಂದು ತೋರಿಸುತ್ತದೆ. ಮಾಲು ಹೋಗುತ್ತದೆ, ವಾರದೊಳಗೆ ಅರ್ಧಕ್ಕರ್ಧ ವಾಪಸ್ಸೂ ಬರುತ್ತದೆ. ತಪ್ಪು ಟರ್ನರನ ಕೈಯದಲ್ಲ. ಕ್ಯಾಲಿಪರ್ ಕೂಡ ಕೆಟ್ಟಿರಲಿಲ್ಲ. ಅದರ ಕೈಲಾಗದ ಕೆಲಸವನ್ನು ಅದಕ್ಕೆ ಒಪ್ಪಿಸಲಾಗಿತ್ತು, ಅಷ್ಟೆ.

ಅಳತೆಯ ಉಪಕರಣ ಕೊಳ್ಳುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ. ಪರದೆಯ ಮೇಲೆ 0.01 ಕಂಡರೆ ಅಷ್ಟು ನಿಖರವೆಂದು ನಂಬುತ್ತಾರೆ. ಅದು ಓದಬಹುದಾದ ಅತಿ ಚಿಕ್ಕ ಅಂಕಿ ಮಾತ್ರ. 150 ಮಿ.ಮೀ.ನ ಒಳ್ಳೆಯ ಡಿಜಿಟಲ್ ಕ್ಯಾಲಿಪರಿಗೂ 0.02 ಮಿ.ಮೀ.ನಷ್ಟು ಆಚೀಚೆ ಇರಬಹುದೆಂದು ತಯಾರಕರೇ ಬರೆದಿರುತ್ತಾರೆ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಅಂಕಿಯನ್ನು.

ಇಂಥ ಷಾಫ್ಟಿಗೆ ಮೈಕ್ರೋಮೀಟರೇ ಬೇಕು. ಕ್ಯಾಲಿಪರಿನಲ್ಲಿ ಅಳತೆಪಟ್ಟಿ ಒಂದೆಡೆ, ಅಳೆಯುವ ವಸ್ತು ಇನ್ನೊಂದೆಡೆ. ದವಡೆ ಕೊಂಚ ವಾಲಿದರೂ ಲೆಕ್ಕ ತಪ್ಪುತ್ತದೆ. ಮೈಕ್ರೋಮೀಟರಿನಲ್ಲಿ ತಿರುಪೂ ವಸ್ತುವೂ ಒಂದೇ ಗೆರೆಯಲ್ಲಿರುತ್ತವೆ. ಜರ್ಮನಿಯ ಅರ್ನ್ಸ್ಟ್ ಅಬೆ 1890ರಲ್ಲಿ ಇದನ್ನೊಂದು ನಿಯಮವಾಗಿಯೇ ಹೇಳಿದ.

ಅಳೆಯುವ ಉಪಕರಣವನ್ನು ಅಳೆಯುವವರು ಯಾರು? ಸ್ವೀಡನ್ನಿನ ಬಂದೂಕು ಕಾರ್ಖಾನೆಯೊಂದರ ಕೆಲಸಗಾರ ಕಾರ್ಲ್ ಎಡ್ವರ್ಡ್ ಜೊಹಾನ್ಸನ್‌ಗೆ ಇದಕ್ಕೆ ಉತ್ತರ ಹೊಳೆದದ್ದು 1896ರಲ್ಲಿ. 102 ಉಕ್ಕಿನ ತುಂಡುಗಳು. ಒಂದರ ಮೇಲೊಂದು ಒತ್ತಿ ಜಾರಿಸಿದರೆ ಅಂಟಿಕೊಳ್ಳುತ್ತವೆ, ಜೋಡಿಸುತ್ತ ಹೋದರೆ ಸುಮಾರು 20,000 ಅಳತೆಗಳು ಸಿಗುತ್ತವೆ. ಅವುಗಳನ್ನು ನಯಗೊಳಿಸಲು ಆತ ಬಳಸಿದ್ದು ಹೆಂಡತಿಯ ಹೊಲಿಗೆ ಯಂತ್ರವನ್ನು! ಆಕೆ ಏನೆಂದಳೋ. ಇಂದು ವರ್ಕ್‌ಶಾಪುಗಳಲ್ಲಿರುವ ಸ್ಲಿಪ್ ಗೇಜುಗಳು ಅವುಗಳ ವಂಶದವೇ. ಮೈಕ್ರೋಮೀಟರ್ ಸರಿಯಿದೆಯೇ ಎಂದು ಆಗಾಗ ಅವುಗಳಿಂದ ನೋಡಬೇಕು. ಆ ಗೇಜುಗಳನ್ನೂ ಗೊತ್ತಾದ ಅವಧಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಬೇಕು. ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ ಸಂಸ್ಥೆಯಲ್ಲೇ ಆ ಸೌಲಭ್ಯವಿದೆ.

ಹವ್ಯಾಸಿಗಳಿಗೆ ಇಷ್ಟೆಲ್ಲ ಬೇಕಿಲ್ಲ. ಮರಗೆಲಸಕ್ಕೆ ಒಳ್ಳೆಯ ಸ್ಟೀಲ್ ಸ್ಕೇಲು ಸಾಕು. ಮನೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡವರಿಗೆ ಬ್ಯಾಟರಿಯ ಗೊಡವೆಯಿಲ್ಲದ ವರ್ನಿಯರ್ ಒಂದು, 25 ಮಿ.ಮೀ.ವರೆಗಿನ ಮೈಕ್ರೋಮೀಟರ್ ಒಂದು. ಅಗ್ಗದ ಐದು ಉಪಕರಣಗಳಿಗಿಂತ ಇವೆರಡಕ್ಕೆ ಹಣ ಹಾಕುವುದು ಲೇಸು. ವರ್ನಿಯರಿನ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಎಳೆ ಕಂಡರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಮೈಕ್ರೋಮೀಟರಿನ ತಿರುಪು ಎಲ್ಲೂ ತಡೆಯದೆ, ಸಡಿಲವೂ ಇಲ್ಲದೆ ತಿರುಗಬೇಕು.

ಇನ್ನೊಂದು ಸಂಗತಿ ಬೇಸಿಗೆಯಲ್ಲಿ ಕೆಲಸ ಮಾಡುವವರಿಗೆ. ಇಂಥ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದವು. ಲೇತಿನಿಂದ ಆಗಷ್ಟೇ ಇಳಿಸಿದ 25 ಮಿ.ಮೀ. ಉಕ್ಕಿನ ಷಾಫ್ಟ್ ಅದಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 0.011 ಮಿ.ಮೀ. ಹಿಗ್ಗಿರುತ್ತದೆ. ಡ್ರಾಯಿಂಗ್ ಕೊಟ್ಟಿದ್ದ 0.013ರಲ್ಲಿ ಬಹುಪಾಲು ಅದಕ್ಕೇ ಹೋಯಿತು. ಮೈಕ್ರೋಮೀಟರ್ ಎಷ್ಟೇ ದುಬಾರಿಯದಿರಲಿ, ಷಾಫ್ಟ್ ತಣ್ಣಗಾಗುವವರೆಗೆ ಟರ್ನರ್ ಕಾಯಲೇಬೇಕು.