ಗಾಲಿ ಕೈಕೊಟ್ಟಾಗ

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪುಟ್ಟದೊಂದು ಪ್ರೀಮಿಯರ್ ಜೆಟ್ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆಂದು ಹೊರಟಿತು. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ. ಮೇಲೇರಿದ ಮೇಲೆ ಮುಂದಿನ ಗಾಲಿ ಸರಿಯಾಗಿ ಮಡಚಿಕೊಳ್ಳಲಿಲ್ಲ. ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಇಳಿಯುವ ಹೊತ್ತಿಗೆ ಆ ಗಾಲಿ ಕೆಳಕ್ಕೂ ಬರಲಿಲ್ಲ.

ಅದು ಇಳಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿದ್ದೀತು. ಹಿಂದಿನ ಗಾಲಿಗಳು ಮೊದಲು ನೆಲ ಮುಟ್ಟುತ್ತವೆ, ಮೂಗು ಇನ್ನೂ ಮೇಲೇ ಇರುತ್ತದೆ. ವೇಗ ತಗ್ಗಿ ಬಾಲಕ್ಕೆ ಗಾಳಿಯ ಹಿಡಿತ ತಪ್ಪುವ ತನಕ ಮೂಗನ್ನು ಎತ್ತಿ ಹಿಡಿಯುವುದೇ ಪೈಲಟ್‌ನ ಜಾಣ್ಮೆ. ಕೊನೆಗೆ ಮೂಗು ಬಾಗಿ ರನ್‌ವೇಯನ್ನು ಉಜ್ಜುತ್ತಾ ಹೋಗಿ ನಿಲ್ಲುತ್ತದೆ. ಇಬ್ಬರೂ ಕ್ಷೇಮ.

ಸಾಮಾನ್ಯವಾಗಿ ಗಾಲಿಯನ್ನು ಇಳಿಸುವುದು ಎಣ್ಣೆಯ ಒತ್ತಡ. ಅದು ಇಲ್ಲವಾದರೆ, ದೊಡ್ಡ ವಿಮಾನಗಳಲ್ಲಿ ಕೊಂಡಿ ಬಿಡಿಸಿದರೆ ಸಾಕು, ಗಾಲಿ ತನ್ನ ಭಾರಕ್ಕೇ ಕೆಳಗಿಳಿದು ಬೀಗ ಬೀಳುತ್ತದೆ. ಬೀಗ ಬಿದ್ದದ್ದಕ್ಕೆ ಗುರುತು, ಪೈಲಟ್ ಮುಂದಿನ ಹಸಿರು ದೀಪ. 1972ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿ ಬಳಿ ಅಂಥದೊಂದು ದೀಪ ಹತ್ತಲಿಲ್ಲ. ಗಾಲಿ ಸರಿಯಿತ್ತು, ಸುಟ್ಟಿದ್ದು ಬಲ್ಬು. ಎಲ್ಲರೂ ಆ ಬಲ್ಬಿನ ಹಿಂದೆ ಬಿದ್ದಿದ್ದಾಗ ವಿಮಾನ ತಾನಾಗಿ ಕೆಳಗಿಳಿಯುತ್ತಾ ಜೌಗಿಗೆ ಬಿತ್ತು. ಸುಮಾರು ನೂರು ಜನ ಹೋದರು.

ಗಾಲಿ ಇಳಿಯಲಿಲ್ಲವೆಂದರೆ ನಮಗೆ ಎದೆ ಧಸಕ್ಕೆನ್ನುತ್ತದೆ, ಟಿ.ವಿ.ಯವರಿಗಂತೂ ಹಬ್ಬ. ಆದರೆ ಕರ್ನಾಟಕದ ಎರಡು ಘೋರ ದುರಂತಗಳಲ್ಲಿ ಗಾಲಿಗಳು ಇಳಿದೇ ಇದ್ದವು. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್, ಎಚ್‌ಎಎಲ್ ರನ್‌ವೇ ಸೇರುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿಯಿತು. ಎಂಜಿನ್‌ಗಳು ತೀರ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು. ವೇಗವೂ ಎತ್ತರವೂ ಕುಸಿಯುತ್ತಿರುವುದು ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಸತ್ತವರು 92.

ಇನ್ನೊಂದು, 2010ರ ಮೇ 22ರ ಮಂಗಳೂರು. ಅಲ್ಲಿನ ಬಜಪೆ ವಿಮಾನ ನಿಲ್ದಾಣದ ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ, ಉದ್ದ ಸುಮಾರು 8,000 ಅಡಿ. ದುಬೈಯಿಂದ ಬಂದ ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಅದು ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ಇಂಥಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಏರಿ, ಒಂದು ಸುತ್ತು ಹಾಕಿ ಬರಬೇಕು. ಸಹಪೈಲಟ್ ಮೂರು ಸಲ ಹಾಗೆಂದರು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು. ಆಮೇಲೆ, ಬ್ರೇಕ್ ಹಿಡಿದು ನಿಲ್ಲಿಸಬೇಕಾದಾಗ ಮನಸ್ಸು ಬದಲಿಸಿ ಮತ್ತೆ ಹಾರಲು ನೋಡಿದರು. ಪೂರ್ತಿ ಬ್ರೇಕ್ ಹಾಕಿದ್ದಿದ್ದರೆ ಗುಡ್ಡದ ಅಂಚಿಗೆ ಮೊದಲೇ ವಿಮಾನ ನಿಲ್ಲಬಹುದಿತ್ತು ಎಂದು ತನಿಖಾ ವರದಿ ಹೇಳುತ್ತದೆ. 166 ಜನರಲ್ಲಿ ಬದುಕುಳಿದವರು ಎಂಟು ಮಂದಿ.