ಉಪ್ಪಿನ ಕಾವಲುಗಾರ

ಮಳವಳ್ಳಿಯ ಕಬ್ಬಿನ ಗದ್ದೆಯಲ್ಲಿ ಬೇಸಗೆಯ ನಡುಹಗಲು ದುಡಿಯುವ ರೈತನ ಬೆವರಿನೊಡನೆ ಉಪ್ಪೂ ಹರಿದುಹೋಗುತ್ತದೆ. ಆದರೂ ಅವನ ರಕ್ತದೊತ್ತಡವು ಕುಸಿಯದಿರುವುದೇಕೆ?

ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅವು ರಕ್ತಕ್ಕೆ ಬಿಡುವ ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ವಿಜ್ಞಾನಿಗಳು 1953ರಲ್ಲಿ ಬೇರ್ಪಡಿಸಿದರು. ಇದರ ಅಪ್ಪಣೆಯಂತೆ ಮೂತ್ರಪಿಂಡಗಳು ಉಪ್ಪನ್ನು ಮರಳಿ ಹೀರಿಕೊಂಡು ಪೊಟ್ಯಾಸಿಯಮನ್ನು ಹೊರದೂಡುತ್ತವೆ. ಉಪ್ಪಿನ ಬೆನ್ನಿಗೇ ನೀರೂ ಹಿಂದಿರುಗುತ್ತದೆ. ರಕ್ತದ ಮೊತ್ತವು ಉಳಿದು ಒತ್ತಡವು ನೆಲೆನಿಲ್ಲುತ್ತದೆ.

ಆದರೆ ಕಾರಣವಿಲ್ಲದೆಯೇ ಈ ಹಾರ್ಮೋನು ಹೆಚ್ಚಿದರೆ ಒತ್ತಡವೇರಿ ಹೃದಯಕ್ಕೂ ಮಿದುಳಿಗೂ ಕೇಡಾಗುತ್ತದೆ. ಈ ವ್ಯಾಧಿಯನ್ನು 1955ರಲ್ಲಿ ಅಮೆರಿಕದ ಡಾಕ್ಟರ್ ಜೆರೋಮ್ ಕಾನ್ ವಿವರಿಸಿದರು. ಹಲವು ಔಷಧಗಳಿಗೂ ಒತ್ತಡವಿಳಿಯದವರು ಇದರ ರಕ್ತಪರೀಕ್ಷೆಯ ವಿಷಯವಾಗಿ ವೈದ್ಯರನ್ನು ಕೇಳುವುದು ಲೇಸು. ಇದಕ್ಕೆ ತಕ್ಕ ಚಿಕಿತ್ಸೆಯುಂಟು.

ಇನ್ನು ನೆರಳಿನಲ್ಲಿ ಕುಳಿತು ಉಣ್ಣುವ ನಾವು ದಿನಕ್ಕೆ 5 ಗ್ರಾಂ ಉಪ್ಪಿನೊಳಗೇ ನಾಲಗೆಯನ್ನು ತಡೆಯಬೇಕು.