ಒಂದು ಗಂಟೆಯ ತೀರ್ಪು: ವಿಜ್ಞಾನ ಕಥನದ ಸರಣಿಗಳಲ್ಲಿ ಕಂತಿನ ಸ್ಥಾನ



ಈಗ ಬರುತ್ತಿರುವ ವಿಜ್ಞಾನ ಕಥನದ ಟಿವಿ ಸರಣಿಗಳ ಬಗ್ಗೆ ಹೇಳುವ ಮೊದಲು, 1989ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಪ್ರಸಾರವಾದ ಒಂದು ಕಂತನ್ನು ನಿಮ್ಮ ಮುಂದಿಡಬೇಕು. ಸರಣಿ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್'. ಕಂತಿನ ಹೆಸರು 'ದ ಮೆಷರ್ ಆಫ್ ಎ ಮ್ಯಾನ್'. ನೌಕೆಯ ಅಧಿಕಾರಿಗಳಲ್ಲಿ ಒಬ್ಬನಾದ ಡೇಟಾ ಯಂತ್ರಮಾನವ. ಅವನನ್ನು ಬಿಚ್ಚಿ ಪರೀಕ್ಷಿಸಿ ಅವನಂಥವರನ್ನೇ ಬೇಕಾದಷ್ಟು ತಯಾರಿಸಬೇಕೆಂದು ಒಬ್ಬ ವಿಜ್ಞಾನಿ ಆದೇಶ ಹಿಡಿದು ಬರುತ್ತಾನೆ. ಡೇಟಾ ರಾಜೀನಾಮೆ ಕೊಡುತ್ತಾನೆ. ಯಂತ್ರಕ್ಕೆ ರಾಜೀನಾಮೆ ಕೊಡುವ ಹಕ್ಕುಂಟೆ, ಅದು ಇಲಾಖೆಯ ಸೊತ್ತಲ್ಲವೆ ಎಂಬ ತಕರಾರು ವಿಚಾರಣೆಗೆ ಬರುತ್ತದೆ. ಸಿಬ್ಬಂದಿ ಸಾಲದೆ, ಡೇಟಾನ ಗೆಳೆಯ ರೈಕರನೇ ಅವನ ವಿರುದ್ಧ ವಾದಿಸಬೇಕಾಗುತ್ತದೆ. ವಾದದ ನಡುವೆ ಅವನು ಗೆಳೆಯನ ಮೈಮೇಲಿನ ಸ್ವಿಚ್ಚನ್ನು ಒತ್ತಿ ಅವನನ್ನು ಆರಿಸಿಯೇ ತೋರಿಸುತ್ತಾನೆ. ಇಂಥ ಸಾವಿರಾರು ಜೀವಗಳನ್ನು ಮಾಡಿ ದುಡಿಸಿಕೊಂಡರೆ ಅದು ಗುಲಾಮಗಿರಿ ಆಗುವುದಿಲ್ಲವೆ ಎಂದು ಕ್ಯಾಪ್ಟನ್ ಪಿಕಾರ್ಡ್ ಕೇಳುತ್ತಾನೆ. ಡೇಟಾನಿಗೆ ಆತ್ಮ ಇದೆಯೆಂದು ನ್ಯಾಯಾಧೀಶೆ ಹೇಳುವುದಿಲ್ಲ. ಆ ಪ್ರಶ್ನೆಯನ್ನು ಅವನೇ ಹುಡುಕಿಕೊಳ್ಳಲಿ, ಆ ಸ್ವಾತಂತ್ರ್ಯ ಅವನಿಗೆ ಇದೆ ಎಂದಷ್ಟೇ ತೀರ್ಪು ಕೊಡುತ್ತಾಳೆ. ಬರೆದವರು ಕಾನೂನು ಓದಿದ ಮೆಲಿಂಡಾ ಸ್ನಾಡ್‌ಗ್ರಾಸ್. ಮುಕ್ಕಾಲು ಗಂಟೆಯಲ್ಲಿ ಒಂದು ಊಹೆ ಹುಟ್ಟಿ, ಎರಡೂ ಕಡೆಯ ವಾದ ಕೇಳಿ, ಒಂದು ನಿರ್ಧಾರಕ್ಕೆ ಬಂದು ನಿಲ್ಲುತ್ತದೆ. ವಿಜ್ಞಾನ ಕಥನಕ್ಕೆ ಟಿವಿ ಕೊಟ್ಟಿರುವ ದೊಡ್ಡ ಕೊಡುಗೆ ಈ ಆಕಾರವೇ ಎಂಬುದು ನನ್ನ ಇಂದಿನ ವಾದ. ಈಗಿನ ಸರಣಿಗಳಲ್ಲಿ ಮನಸ್ಸಿನಲ್ಲಿ ಉಳಿಯುವಂಥವೂ ಈ ಆಕಾರವನ್ನು ಬಿಡದ ಕಂತುಗಳೇ.

ಈ ಆಕಾರ ಕಲೆಯ ಒತ್ತಾಯದಿಂದ ಮಾತ್ರ ಹುಟ್ಟಿದ್ದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಹಳೆಯ ಅಮೆರಿಕನ್ ಸರಣಿಗಳು ಮೊದಲ ಪ್ರಸಾರದ ನಂತರ ಊರೂರಿನ ಸಣ್ಣ ಕೇಂದ್ರಗಳಿಗೆ ಮರುಪ್ರಸಾರಕ್ಕೆಂದು ಮಾರಾಟವಾಗುತ್ತಿದ್ದವು. ಯಾವ ಕೇಂದ್ರ ಯಾವ ಕಂತನ್ನು ಯಾವ ದಿನ ಹಾಕುತ್ತದೆಂಬ ಖಾತರಿ ಇರಲಿಲ್ಲ. ಆದ್ದರಿಂದ ಯಾವುದನ್ನು ಮೊದಲು ನೋಡಿದರೂ ಅರ್ಥವಾಗಬೇಕಿತ್ತು. ರಾಡ್ ಸರ್ಲಿಂಗ್ 1959ರಿಂದ 1964ರವರೆಗೆ ನಡೆಸಿದ 'ದ ಟ್ವೈಲೈಟ್ ಝೋನ್'ನ 156 ಕಂತುಗಳಲ್ಲಿ 92ನ್ನು ತಾವೇ ಬರೆದರು. ಪ್ರತಿ ವಾರ ಹೊಸ ಜನ, ಹೊಸ ಊಹೆ, ಹೊಸ ಅಂತ್ಯ. ಈಗಿನ ಮಾರುಕಟ್ಟೆಯ ಲೆಕ್ಕವೇ ಬೇರೆ. ತಿಂಗಳ ಚಂದಾ ಕಟ್ಟಿದ ನೋಡುಗ ಎದ್ದು ಹೋಗಬಾರದು, ಅಷ್ಟೇ. ಒಂದು ಕಂತು ಮುಗಿಯುವ ಮೊದಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ಎಂಟೋ ಹತ್ತೋ ಕಂತುಗಳ ಸೀಸನ್ನನ್ನು ಒಂದು ಉದ್ದನೆಯ ಸಿನಿಮಾ ಎಂದು ಭಾವಿಸಿ ಕತ್ತರಿಸಿ ಕೊಡುವುದು ರೂಢಿಯಾಯಿತು. ಎಲ್ಲಿ ಕತ್ತರಿಸಿದರೂ ನಡೆಯುತ್ತದೆಂದ ಮೇಲೆ ಅಳತೆಯ ಹಂಗೂ ಇಲ್ಲ. 'ಸ್ಟ್ರೇಂಜರ್ ಥಿಂಗ್ಸ್'ನ ನಾಲ್ಕನೇ ಸೀಸನ್ನಿನ ಕೊನೆಯ ಕಂತು ಎರಡು ಗಂಟೆ ಮೀರಿತು.

ಉದ್ದ ತಾನಾಗಿ ದೋಷವಲ್ಲ. ನನ್ನ ಆಕ್ಷೇಪ ಇರುವುದು ಅದು ತರುವ ಇನ್ನೊಂದು ಬದಲಾವಣೆಯ ಬಗ್ಗೆ. ವಿಜ್ಞಾನ ಕಥನ ಪ್ರಶ್ನೆಯಿಂದ ಬದುಕುತ್ತದೆ. ಉದ್ದನೆಯ ಸೀಸನ್ನು ಗುಟ್ಟಿನಿಂದ ಬದುಕುತ್ತದೆ. ಗುಟ್ಟು ಹೊರಬಿದ್ದ ಕ್ಷಣಕ್ಕೆ ತೀರಿಹೋಗುತ್ತದೆ. ಪ್ರಶ್ನೆ ಉತ್ತರ ಸಿಕ್ಕ ಮೇಲೂ ಮುಂದುವರಿಯುತ್ತದೆ. ಆ್ಯಪಲ್ ಟಿವಿಯ 'ಸೆವರೆನ್ಸ್' ಇದನ್ನು ತೂಗಿ ನೋಡಲು ತಕ್ಕ ಸರಣಿ. ಏಕೆಂದರೆ ಅದರಲ್ಲಿ ಎರಡೂ ಇವೆ. ನೌಕರರ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಕಚೇರಿಯ ನೆನಪನ್ನೂ ಮನೆಯ ನೆನಪನ್ನೂ ಬೇರ್ಪಡಿಸಿದರೆ, ಕಚೇರಿಯೊಳಗೇ ಎಚ್ಚರಗೊಂಡು ಅಲ್ಲೇ ಇಲ್ಲವಾಗುವ ಆ ಇನ್ನೊಬ್ಬ ಯಾರು, ಅವನ ಪರವಾಗಿ ಸಹಿ ಹಾಕುವ ಅಧಿಕಾರ ಹೊರಗಿನವನಿಗೆ ಯಾರು ಕೊಟ್ಟರು ಎಂಬುದು ಅದರ ಪ್ರಶ್ನೆ. ಆ ಕಚೇರಿಯ ಒಂದು ಕೋಣೆಯಲ್ಲಿ ಮೇಕೆಗಳು ಏಕಿವೆ ಎಂಬುದು ಅದರ ಗುಟ್ಟು. 2022ರಲ್ಲಿ ಒಂಬತ್ತು ಕಂತುಗಳಾಗಿ ಬಂದ ಸರಣಿಯ ಎರಡನೇ ಸೀಸನ್ ಶುರುವಾದದ್ದು 2025ರ ಜನವರಿಯಲ್ಲಿ. ಅಷ್ಟು ದೀರ್ಘ ಕಾಯುವಿಕೆಯಲ್ಲಿ ಅಭಿಮಾನಿಗಳ ಬುದ್ಧಿ ಬಹುಪಾಲು ಮೇಕೆಗಳ ಹಿಂದೆಯೇ ಹೋಯಿತು.

ಎರಡನೇ ಸೀಸನ್ನಿನ ಏಳನೆಯ ಮತ್ತು ಎಂಟನೆಯ ಕಂತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಏಳನೆಯದು 'ಚಿಖಾಯ್ ಬಾರ್ಡೊ'. ಸರಣಿಯ ಛಾಯಾಗ್ರಾಹಕಿ ಜೆಸಿಕಾ ಲೀ ಗಾನ್ಯೆ ಅದನ್ನು ನಿರ್ದೇಶಿಸಿದ್ದಾರೆ. ಸತ್ತಳೆಂದು ಗಂಡ ನಂಬಿದ್ದ ಜೆಮ್ಮಾ ಕಂಪನಿಯ ನೆಲಮಾಳಿಗೆಯಲ್ಲಿ ಬಂದಿ. ಅಲ್ಲಿ ಸಾಲು ಕೋಣೆಗಳಿವೆ. ಒಂದರೊಳಗೆ ಹೋದರೆ ಹಲ್ಲಿನ ಚಿಕಿತ್ಸೆ, ಇನ್ನೊಂದರಲ್ಲಿ ವಿಮಾನ ಕುಲುಕಾಡುವ ಭಯ, ಮತ್ತೊಂದರಲ್ಲಿ ಮುಗಿಯದ ಕೃತಜ್ಞತಾ ಪತ್ರಗಳನ್ನು ಬರೆಯುವ ಬೇಸರ. ಪ್ರತಿ ಕೋಣೆಗೂ ಅವಳೊಳಗಿಂದ ಬೇರೆಯೇ ಒಬ್ಬಳನ್ನು ಹುಟ್ಟಿಸಿದ್ದಾರೆ. ಆ ಒಬ್ಬಳಿಗೆ ಆ ನೋವಿನಾಚೆ ಬೇರೆ ಬದುಕೇ ಇಲ್ಲ. ಈ ಕೋಣೆಗಳ ನಡುನಡುವೆ ಜೆಮ್ಮಾಳ ದಾಂಪತ್ಯ, ಮಗುವಿಗಾಗಿ ಪಟ್ಟ ಪಾಡು, ಕಳೆದುಕೊಂಡ ಬಸಿರು. ನಮ್ಮ ಪಾಲಿನ ನೋವನ್ನೆಲ್ಲ ಇನ್ನೊಬ್ಬರ ಪಾಲಿಗೆ ಹಾಕಿ ಹಗುರಾಗುವಂತಿದ್ದರೆ ನಾವು ಹಾಗೆ ಮಾಡಬಹುದೆ? ಇಡೀ ಸರಣಿಯ ಪ್ರಶ್ನೆ ಈ ಒಂದು ಕಂತಿನಲ್ಲಿ ತನ್ನ ಆಳ ಮುಟ್ಟಿತು, ಹಿಂದುಮುಂದು ಗೊತ್ತಿಲ್ಲದವರ ಎದೆಗೂ ತಾಕುವಂತೆ ಮುಟ್ಟಿತು. ಮರುವಾರ ಬಂದ 'ಸ್ವೀಟ್ ವಿಟ್ರಿಯಾಲ್' ಹಾರ್ಮನಿ ಕೋಬೆಲ್ ಎಂಬ ಮಾಜಿ ಅಧಿಕಾರಿಣಿಯನ್ನು ಅವಳ ಪಾಳುಬಿದ್ದ ಹುಟ್ಟೂರಿಗೆ ಕರೆದೊಯ್ಯುತ್ತದೆ. ಆ ಚಳಿ, ಆ ಸಮುದ್ರ, ಮುಚ್ಚಿದ ಕಾರ್ಖಾನೆ ಎಲ್ಲ ಕಣ್ಣಿಗೆ ಕಟ್ಟುವಂತಿವೆ. ಆದರೆ ಕಂತಿನ ಕೆಲಸ ಒಂದೇ: ಆ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದವಳು ಅವಳೇ ಎಂಬ ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿದ ಮೇಲೆ ಮತ್ತೆ ಅದರ ಬಳಿ ಹೋಗಲು ಕಾರಣ ಉಳಿಯುವುದಿಲ್ಲ. ಇಬ್ಬರು ಹೆಂಗಸರ ಕಥೆ, ಅದೇ ತಂಡ, ಅದೇ ಹಣ. ವ್ಯತ್ಯಾಸ ಆಕಾರದಲ್ಲಿದೆ.

ಪೂರ್ತಿ ಬಿಡಿ ಕಂತುಗಳ ಸರಣಿಯಾದ 'ಬ್ಲ್ಯಾಕ್ ಮಿರರ್' ನನ್ನ ವಾದಕ್ಕೆ ಸುಲಭದ ಸಾಕ್ಷಿ. ಅದಕ್ಕೇ ಅದರ ಬಗ್ಗೆ ಎಚ್ಚರ ಬೇಕು. ಚಾರ್ಲಿ ಬ್ರೂಕರ್ 2011ರಲ್ಲಿ ಬ್ರಿಟನ್ನಿನಲ್ಲಿ ಶುರುಮಾಡಿದ ಈ ಸರಣಿ ಪ್ರತಿ ಬಾರಿಯೂ ಫೋನು ಕೆಟ್ಟದು, ಪರದೆ ಕೆಟ್ಟದು ಎಂದೇ ಹೇಳುತ್ತದೆಂಬ ದೂರು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಮುಗಿಯುವ ಕಂತೆಲ್ಲ ಒಳ್ಳೆಯ ಕಂತಲ್ಲ. ಮೊದಲೇ ಗೊತ್ತಿದ್ದ ತೀರ್ಪಿಗೆ ವಿಚಾರಣೆಯೇ ಬೇಡ. ಆದರೆ 2025ರ ಏಪ್ರಿಲ್‌ನಲ್ಲಿ ಬಂದ 'ಕಾಮನ್ ಪೀಪಲ್' ಆ ದೂರಿಗೆ ಸಿಕ್ಕುವಂಥದ್ದಲ್ಲ. ಶಾಲಾ ಶಿಕ್ಷಕಿ ಅಮಾಂಡಾಳ ಮಿದುಳಿನಲ್ಲಿ ಗೆಡ್ಡೆ. ರಿವರ್‌ಮೈಂಡ್ ಎಂಬ ಕಂಪನಿ ಶಸ್ತ್ರಚಿಕಿತ್ಸೆಯನ್ನು ಪುಕ್ಕಟೆಯಾಗಿ ಮಾಡಿ, ಕೆಟ್ಟ ಭಾಗದ ಕೆಲಸವನ್ನು ತನ್ನ ಸರ್ವರಿನಿಂದ ನಡೆಸುತ್ತದೆ. ತಿಂಗಳಿಗೆ 300 ಡಾಲರ್ ಚಂದಾ. ಮೊದಲು ಸಿಗ್ನಲ್ ಇರುವ ಗಡಿ ದಾಟುವಂತಿಲ್ಲ. ಆಮೇಲೆ ಹೆಚ್ಚು ಹಣ ಕೊಡದವರು ಹೆಚ್ಚು ಹೊತ್ತು ನಿದ್ದೆ ಮಾಡಬೇಕು. ಆಮೇಲೆ ಪಾಠ ಹೇಳುತ್ತಿರುವಾಗಲೇ ಅವಳ ಬಾಯಿಂದ, ಅವಳಿಗೇ ತಿಳಿಯದಂತೆ ಜಾಹೀರಾತು ಹೊರಡುತ್ತದೆ. ಇಲ್ಲಿ ದೂಷಣೆಗೆ ಒಳಗಾದದ್ದು ಯಂತ್ರವಲ್ಲ, ಆ ಯಂತ್ರ ಅವಳನ್ನು ನಿಜಕ್ಕೂ ಬದುಕಿಸುತ್ತದೆ. ಬದುಕಿಗೆ ಚಂದಾದರ ನಿಗದಿ ಮಾಡುವ ವ್ಯವಸ್ಥೆಯನ್ನು ಕಂತು ಒಂದೊಂದೇ ಮೆಟ್ಟಿಲು ಇಳಿಯುತ್ತ ಪರಿಶೀಲಿಸುತ್ತದೆ. ಪ್ರತಿ ಮೆಟ್ಟಿಲೂ ಹಿಂದಿನದರ ನ್ಯಾಯವಾದ ಮುಂದುವರಿಕೆಯಂತೆ ಕಾಣುತ್ತದೆ. ಇದನ್ನೇ ಹತ್ತು ಗಂಟೆಗೆ ಹಿಗ್ಗಿಸಿದ್ದರೆ ಕಂಪನಿಯ ಹಿಂದಿನ ಸಂಚು, ಸಂಚಿನ ಹಿಂದಿನ ಧಣಿ ಎಂದು ಕಥೆ ಗುಟ್ಟಿನ ಕಡೆ ಜಾರುತ್ತಿತ್ತು, ಗಂಡ–ಹೆಂಡತಿಯ ತಿಂಗಳ ಲೆಕ್ಕ ಬದಿಗೆ ಸರಿಯುತ್ತಿತ್ತು.

ನನ್ನ ವಾದಕ್ಕೆ ದೊಡ್ಡ ಅಡ್ಡಿ 'ಆ್ಯಂಡೊರ್'. ಈ ದಶಕದ ಶ್ರೇಷ್ಠ ವಿಜ್ಞಾನ ಕಥನ ಸರಣಿ ಯಾವುದೆಂದು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ, ಮತ್ತು ಅದು ಒಂದೇ ಅಖಂಡ ಕಥೆ. ಹಾಗಾದರೆ ಅಖಂಡ ಕಥೆಯೇ ಮೇಲಲ್ಲವೆ? ಟೋನಿ ಗಿಲ್ರಾಯ್ ಅದನ್ನು ಕಟ್ಟಿದ ಬಗೆ ನೋಡಬೇಕು. 2025ರ ಎರಡನೇ ಸೀಸನ್ನಿನ ಹನ್ನೆರಡು ಕಂತುಗಳು ವಾರಕ್ಕೆ ಮೂರರಂತೆ ಬಂದವು. ಮೂರು ಕಂತಿಗೆ ಕಥೆಯೊಳಗಿನ ಒಂದು ವರ್ಷ. ಮೊದಲ ಸೀಸನ್ನಿನ ಸೆರೆಮನೆಯ ಮೂರು ಕಂತುಗಳೂ ಹಾಗೆಯೇ ಒಂದು ಕಟ್ಟು, ಅದರ ತುದಿ 'ಒನ್ ವೇ ಔಟ್'. ಕೈದಿಗಳು ಪಾಳಿಯ ಮೇಲೆ ಬಿಡಿಭಾಗಗಳನ್ನು ಜೋಡಿಸುತ್ತಾರೆ. ಹಿಂದೆ ಬಿದ್ದವರಿಗೆ ನೆಲದಿಂದಲೇ ವಿದ್ಯುತ್ ಹೊಡೆತ. ಅವಧಿ ಮುಗಿದವನನ್ನು ಬಿಡುಗಡೆಯ ಹೆಸರಿನಲ್ಲಿ ಇನ್ನೊಂದು ಮಹಡಿಗೆ ಸಾಗಿಸುತ್ತಾರೆಂಬುದು ಬಯಲಾದಾಗ, ಅದುವರೆಗೆ ಕಾವಲಿನವರ ಪರ ದುಡಿಸುತ್ತಿದ್ದ ಮುಂದಾಳು ಕಿನೊ ಲಾಯ್ ತಿರುಗಿಬಿದ್ದು ಐದು ಸಾವಿರ ಜನರನ್ನು ಹೊರಗೆ ನುಗ್ಗಿಸುತ್ತಾನೆ. ಎಲ್ಲರೂ ಸಮುದ್ರಕ್ಕೆ ಹಾರುವಾಗ ಅವನಿಗೆ ಈಜು ಬಾರದು. ದುಡಿಮೆಯ ಯಂತ್ರದೊಳಗಿನ ಮನುಷ್ಯ ಯಾವಾಗ ವಿಧೇಯತೆ ಬಿಡುತ್ತಾನೆ ಎಂಬ ಪ್ರಶ್ನೆ ಅಲ್ಲಿ ಎದ್ದು ಅಲ್ಲೇ ಬಗೆಹರಿಯುತ್ತದೆ. ಹತ್ತನೆಯ ಶತಮಾನದ ನಮ್ಮ ರನ್ನ, ಭಾರತವನ್ನು ಮೊದಲಿಂದ ಕೊನೆಯವರೆಗೆ ಹೇಳಲು ಹೋಗದೆ ಗದಾಯುದ್ಧದ ಒಂದು ಘಟ್ಟವನ್ನು ಹಿಡಿದು, ಹಿಂದಿನದೆಲ್ಲವನ್ನೂ ಸಿಂಹಾವಲೋಕನವಾಗಿ ಅದರೊಳಗೇ ತಂದ. ಭಾಗದೊಳಗೆ ಇಡಿ ಬರಬಲ್ಲದು ಎಂಬ ನಂಬಿಕೆ ಎಷ್ಟು ಹಳೆಯದೆಂದು ಕನ್ನಡದ ಓದುಗರಿಗೆ ಬೇರೆ ಹೇಳಬೇಕಿಲ್ಲ. 'ಆ್ಯಂಡೊರ್'ನಲ್ಲೇ ಸೆನೆಟರ್ ಮಾನ್ ಮಾಥ್ಮಾ ಸೆನೆಟ್ಟಿನಲ್ಲಿ ಎದ್ದುನಿಂತು ನರಮೇಧವನ್ನು ನರಮೇಧವೆಂದೇ ಕರೆಯುವ 'ವೆಲ್‌ಕಮ್ ಟು ದ ರೆಬೆಲಿಯನ್' ಕಂತು ಡ್ಯಾನ್ ಗಿಲ್ರಾಯ್ ಅವರಿಗೆ ಬರವಣಿಗೆಯ ಎಮ್ಮಿ ತಂದದ್ದೂ ಇಂಥ ಗುಣಕ್ಕೇ ಎಂದು ನಾನು ತಿಳಿಯುತ್ತೇನೆ.

ಬಿಡಿ ಕಂತುಗಳಿಗೆ ಸ್ಮೃತಿ ಇಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. 'ನೆಕ್ಸ್ಟ್ ಜನರೇಷನ್'ನ 1992ರ 'ದಿ ಇನ್ನರ್ ಲೈಟ್' ಕಂತಿನಲ್ಲಿ ಪಿಕಾರ್ಡ್ ಅಳಿದುಹೋದ ಲೋಕವೊಂದರಲ್ಲಿ ಮದುವೆ, ಮಕ್ಕಳು, ಮುಪ್ಪು ಎಲ್ಲವನ್ನೂ ಕಂಡು ಎಚ್ಚರಗೊಂಡಾಗ ನೌಕೆಯಲ್ಲಿ ಅರ್ಧ ಗಂಟೆಯೂ ಕಳೆದಿರುವುದಿಲ್ಲ. ಮುಂದಿನ ಕಂತಿನಲ್ಲಿ ಅವನು ಏನೂ ಆಗದವನಂತೆ ಹೊಸ ಕೆಲಸಕ್ಕೆ ಹೊರಡುತ್ತಾನೆ. ಒಂದಿಡೀ ಬಾಳನ್ನು ಬಾಳಿದವನಿಗೆ ಅದು ಅನ್ಯಾಯ. ಈ ಕೊರತೆಯನ್ನು ಈಗಿನವರು ನೀಗಿದ್ದಾರೆಂದು ಸಂತೋಷದಿಂದ ಹೇಳಬಹುದು. 2023ರ 'ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ 'ಆ್ಯಡ್ ಆಸ್ಟ್ರಾ ಪರ್ ಆಸ್ಪೆರಾ'ದಲ್ಲಿ ವಂಶವಾಹಿ ಮಾರ್ಪಾಡಿನ ಕುಲದವಳೆಂಬುದನ್ನು ಮುಚ್ಚಿಟ್ಟ ಊನಾ ಎಂಬ ಅಧಿಕಾರಿಣಿಯ ವಿಚಾರಣೆ ನಡೆಯುತ್ತದೆ. ವಕೀಲೆ ನೀರಾ, ಊನಾ ಆಶ್ರಯ ಕೋರಿ ಬಂದವಳು ಎಂಬ ದಾರಿ ಹಿಡಿದು ಅವಳನ್ನು ಬಿಡಿಸುತ್ತಾಳೆ. ಆ ಅನ್ಯಾಯದ ಕಾನೂನು ಮಾತ್ರ ಹಾಗೇ ಉಳಿಯುತ್ತದೆ. ಹಿಂದಿನ ಸೀಸನ್ನಿನ ಬಂಧನ ಇಲ್ಲಿಗೆ ತಂದು ನಿಲ್ಲಿಸಿತು, ಮುಂದಿನ ಬದುಕಿಗೂ ಇದರ ನೆರಳು ಇದೆ. ಆದರೂ ವಾದ ಶುರುವಾಗಿ ಮುಗಿಯುವುದು ಆ ಒಂದು ಗಂಟೆಯಲ್ಲೇ.

ಬಿಡಿ ಕಂತುಗಳ ಮೇಲಿನ ಮತ್ತೊಂದು ಆಕ್ಷೇಪ ಕಥೆ ಮುಂದಕ್ಕೆ ಹೋಗುವುದಿಲ್ಲ ಎಂಬುದು; ಆ ಗೊಣಗಾಟ 'ದ ಲಾಸ್ಟ್ ಆಫ್ ಅಸ್'ನ 'ಲಾಂಗ್, ಲಾಂಗ್ ಟೈಮ್' ಬಂದಾಗಲೂ ಕೇಳಿತ್ತು. ಮುಖ್ಯ ಪಾತ್ರಗಳನ್ನು ಬದಿಗಿಟ್ಟು, ಶಿಲೀಂಧ್ರ ರೋಗದಿಂದ ಹಾಳಾದ ಜಗತ್ತಿನಲ್ಲಿ ಬಿಲ್ ಮತ್ತು ಫ್ರ್ಯಾಂಕ್ ಎಂಬ ಇಬ್ಬರು ಗಂಡಸರು ಸುಮಾರು ಹದಿನಾರು ವರ್ಷಗಳಲ್ಲಿ ಕಟ್ಟಿಕೊಂಡ ಸಂಸಾರವನ್ನು ಅದು ತೋರಿಸಿತು. ಅಭಿಮಾನಿಗಳೇ ಮತ ಹಾಕುವ ಹ್ಯೂಗೊ ಪ್ರಶಸ್ತಿ 2024ರಲ್ಲಿ ಅದಕ್ಕೇ ಸಂದಿತು. ಉಳಿಯುವುದಕ್ಕಾಗಿ ಉಳಿಯುವುದು ಸಾಕೆ ಎಂಬ ಸರಣಿಯ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಕಥೆ ನಿಂತ ಆ ಕಂತಿನಲ್ಲಿ.

ವಿನ್ಸ್ ಗಿಲಿಗನ್ ಅವರ 'ಪ್ಲೂರಿಬಸ್' ನನ್ನನ್ನು ಸ್ವಲ್ಪ ಹಿಂದೆ ಸರಿಸುತ್ತದೆ. 2025ರ ನವೆಂಬರಿನಲ್ಲಿ ಶುರುವಾದ ಇದು ನಿಧಾನದ ಸರಣಿ. ಮನುಕುಲವೆಲ್ಲ ಒಂದೇ ಶಾಂತ ಮನಸ್ಸಾಗಿ ಬೆರೆತ ಮೇಲೆ ಹೊರಗುಳಿದ ಕೆಲವರಲ್ಲಿ ಒಬ್ಬಳಾದ ಕ್ಯಾರಲ್, ಸುಖವನ್ನು ಒಲ್ಲೆ ಎನ್ನುವ ಕಥೆ. ಇಲ್ಲಿ ತೀರ್ಪು ಒಂದು ಗಂಟೆಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಬೆರೆತವರು ಯಾವ ಜೀವಕ್ಕೂ ನೋವು ಮಾಡಲಾರರು, ಮರದಿಂದ ಸೇಬನ್ನೂ ಕೀಳಲಾರರು, ಹಾಗಾಗಿ ಹಸಿವು ನೀಗಿಸಲು, ಸತ್ತವರ ದೇಹದ ಸತ್ವವನ್ನೇ ಬಳಸುತ್ತಾರೆ ಎಂದು ಸಮಸ್ಯೆಗೆ ಹೊಸ ಷರತ್ತುಗಳು ಒಂದೊಂದಾಗಿ ಸೇರುತ್ತ ಹೋಗುತ್ತವೆ. ಮುಂದೂಡಿಕೆ ಅಂದರೆ ಹೀಗಿರಬೇಕು, ಕಾದಷ್ಟೂ ಪ್ರಶ್ನೆ ಬಲಿಯಬೇಕು.

ಇಂಥ ಕಂತುಗಳು ಬರಬೇಕಾದರೆ ಸೋಲಲು ಜಾಗ ಬೇಕು. ಹಿಂದೆ ವರ್ಷಕ್ಕೆ ಇಪ್ಪತ್ತಾರು ಕಂತು ಮಾಡುತ್ತಿದ್ದಾಗ ಹತ್ತು ಕೆಟ್ಟರೂ ನಡೆಯುತ್ತಿತ್ತು, ನಿಜಕ್ಕೂ ಕೆಡುತ್ತಿದ್ದವು. 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸೀಸನ್ನಿನ ಹತ್ತು ಕಂತುಗಳಲ್ಲೇ ಹಾಡಿನ ಕಂತು, ನಗೆಯ ಕಂತು ಎಂದು ಧೈರ್ಯ ಮಾಡುತ್ತಿದೆ. ಅದರ ಕೊನೆಯ ಸೀಸನ್ನಿಗೆ ಆರೇ ಕಂತುಗಳೆಂದು ಪ್ರಕಟಿಸಿದ್ದಾರೆ, ಇದು ನನಗೆ ಬೇಸರ ತಂದ ಸುದ್ದಿ. ಕಾರಣ ಹಣ ಎನ್ನುತ್ತಾರೆ. ಹಣದ ಮಾತಿಗೆ 2025ರ 'ಡಾಕ್ಟರ್ ಹೂ' ಉತ್ತರ ಕೊಟ್ಟಿದೆ. ಆ ಸೀಸನ್ನಿನ ಐದನೇ ಕಂತು 'ದ ಸ್ಟೋರಿ ಆ್ಯಂಡ್ ದಿ ಎಂಜಿನ್' ಬಹುತೇಕ ಲಾಗೋಸ್ ನಗರದ ಒಂದು ಕ್ಷೌರದಂಗಡಿಯೊಳಗೇ ನಡೆಯುತ್ತದೆ. ಬರೆದವರು ನೈಜೀರಿಯಾದಲ್ಲಿ ಹುಟ್ಟಿದ ಕವಿ, ನಾಟಕಕಾರ ಇನುವಾ ಎಲಮ್ಸ್. ಗಿರಾಕಿಗಳು ಹೇಳುವ ಕಥೆಗಳೇ ಅಲ್ಲಿ ಯಂತ್ರಕ್ಕೆ ಇಂಧನ. ಹೇಳಿದವರ ಹೆಸರು ಅಳಿಸಿಹೋದರೆ ಕಥೆ ಯಾರದು ಎಂಬ ಪ್ರಶ್ನೆಯನ್ನು ಕುರ್ಚಿ, ಕನ್ನಡಿ, ಐದಾರು ನಟರಿಂದ ಅದು ಕೊನೆ ಮುಟ್ಟಿಸಿತು. ಅದೇ ಸೀಸನ್ನಿನ ಕೊನೆಯ ಎರಡು ಕಂತುಗಳು ಹಳೆಯ ಖಳರನ್ನು ಮರಳಿ ಕರೆತಂದು, ಲೋಕವನ್ನೇ ಬುಡಮೇಲು ಮಾಡಿ, ಗದ್ದಲದಲ್ಲಿ ಮುಗಿದವು. ಆ ಗದ್ದಲಕ್ಕೆ ಸುರಿದ ಹಣದಲ್ಲಿ ಇಂಥ ಕ್ಷೌರದಂಗಡಿಯ ಕಂತುಗಳು ಇನ್ನೂ ಮೂರು ನಾಲ್ಕು ಆಗುತ್ತಿದ್ದವು ಎಂಬುದು ನನ್ನ ಬಲವಾದ ನಂಬಿಕೆ. ಚಂದಾ ಕಟ್ಟುವ ಅಭಿಮಾನಿಗಳು ಕೇಳಬೇಕಾದದ್ದು ಅವುಗಳನ್ನು.